ಹಸಿರು ಮುಗಿದ ಗುರುವಾರ

ಪಚೂಕಾದ ಕಚೇರಿ, ಮೂರನೇ ಮಹಡಿ.
ಮೇಜಿನ ಮೇಲೆ ಎರಡು ಹುಂಜ.
ಒಂದು ಚಿಕ್ಕಮ್ಮನ ಸೂಜಿಯಿಂದ ಇಳಿದದ್ದು,
ಇನ್ನೊಂದು ಯಾವುದೋ ಹಡಗಿನಿಂದ.
ದಿಂಬಿನ ಚೀಲದ ಆ ಹುಂಜದ ಕೊರಳಲ್ಲಿ
ಬೆಲೆಚೀಟಿ ಇನ್ನೂ ನೇತಾಡುತ್ತಿದೆ.

ಅಧಿಕಾರಿ ಒಳ್ಳೆಯವರು, ಕುಡಿಯಲು ನೀರು ಕೊಟ್ಟರು.
"ಇದು ನಿಮ್ಮದೇ ಅನ್ನಲು ಗುರುತೇನು?"
ನಾನದನ್ನು ನಮ್ಮ ಒಟೊಮಿಗೆ ತಿರುಗಿಸಿದೆ.
ಗ್ಲಾಫಿರಾ ಚಿಕ್ಕಮ್ಮ ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ ಬಾಲದ ಮೇಲೆ ಬೆರಳಿಟ್ಟಳು.

"ಇಲ್ಲಿ ಹಸಿರು ಮುಗಿಯಿತು.
ಅವತ್ತು ಗುರುವಾರ. ಎವೊಡಿಯೊನ ಅಂಗಡಿಗೆ ಬೀಗ.
ಅವನ ತಂಗಿಯನ್ನು ಮಣ್ಣು ಮಾಡಲು
ಊರಿಗೆ ಊರೇ ಗುಡ್ಡ ಹತ್ತಿತ್ತು.
ನಾನೂ ಹೋದೆ, ಬಂದೆ, ಕೈಕಾಲು ತೊಳೆದೆ.
ನಿದ್ದೆ ಬರಲಿಲ್ಲ. ದೀಪ ಹಾಕಿದೆ.
ಡಬ್ಬಿಯಲ್ಲಿದ್ದದ್ದು ನೀಲಿ ಒಂದೇ.
ಅದೂ ಸೆವೆರಿಯಾನಾ ಕೊಟ್ಟದ್ದು,
ಬದುಕಿದ್ದಾಗ, ಅರ್ಧ ಲಡಿ."

ನಾನು ಸ್ಪ್ಯಾನಿಷಿನಲ್ಲಿ ಹೇಳಿದ್ದಿಷ್ಟು:
"ದಾರ ಸಾಲದೆ ಬಣ್ಣ ಬದಲಾಗಿದೆ, ಸಾರ್."
ಕಳುವು ಕಚೇರಿಯೊಳಗೂ ನಡೆಯುತ್ತದೆ.

ಅವರು ಕನ್ನಡಕ ಏರಿಸಿ ದಿಂಬನ್ನು ಹತ್ತಿರ ಎಳೆದರು.
ಐದು ಗರಿ ಹಸಿರು.
ಆರನೆಯದು ಅರ್ಧ ಹಸಿರು,
ಅರ್ಧ ನೀಲಿ.

ಆ ಕಾರ್ಖಾನೆಯಲ್ಲಿ ಹಸಿರಿಗೇನು ಬರವೇ?
ಪೀಪಾಯಿಗಟ್ಟಲೆ ಇದ್ದೀತು.
ಆದರೂ ಯಂತ್ರ, ಹೇಳಿದ ಮಾತು ಕೇಳುವ ಕೂಸು,
ನಮ್ಮೂರಿನ ಒಂದೇ ಒಂದು ಅಂಗಡಿಯನ್ನು
ಸಾವಿರ ಸಾವಿರ ಸಲ ಮುಚ್ಚಿ ತೆಗೆದು ಮುಚ್ಚಿದೆ.
ಕನ್ನ ಹಾಕಿದವನು ಪಾತ್ರೆಪಗಡದ ಜೊತೆ
ಗೋಡೆಯ ಬಿರುಕನ್ನೂ ಹೊತ್ತುಕೊಂಡು ಹೋದ ಹಾಗೆ.
ಎಲ್ಲೋ, ಯಾರೋ, ಮೆತ್ತನೆ ಸೋಫಾದಲ್ಲಿ
ಸೆವೆರಿಯಾನಾಳ ಸಾವಿಗೆ ತಲೆಯಾನಿಸಿ
ಟೀವಿ ನೋಡುತ್ತಿದ್ದಾರೆ.

ಚಿಕ್ಕಮ್ಮ ದಿಂಬನ್ನು ಮಗುಚಿದಳು. ಹಿಂದೆ ಬರೀ ಬಿಳಿ.
ಒಗೆಯುವ ಬಗೆ, ನಾಲ್ಕು ಭಾಷೆಯಲ್ಲಿ.
ನಮ್ಮದು ಇರಲಿಲ್ಲ.

"ಹಾಗಾದರೆ ಈ ಹುಂಜವನ್ನು ಮೊದಲು ಬಿಡಿಸಿದವರು ನೀವೇ?"
ಹೂಂ ಅಂದುಬಿಡು ಎಂದು ಕಣ್ಣಲ್ಲೇ ಬೇಡಿದೆ.
ಅವಳೋ, ಅಳತೆಗೋಲಿನಂಥ ಹೆಂಗಸು.
"ಇಲ್ಲ. ಕೊಕ್ಕು, ಕಾಲು, ಜುಟ್ಟು
ನನ್ನ ಅತ್ತೆ ಡೊಮಿತಿಲಾಳದು.
ಮದುವೆಯಾದ ವರ್ಷ ಕೇಳಿದೆ, ಕೊಟ್ಟಳು.
'ಹುಂಜ ಒಯ್ಯಿ, ಕಣ್ಣು ಬಿಟ್ಟು ಹೋಗು,' ಅಂದಳು.
ನಾನು ಜೋಳದ ಕಾಳಿನ ಕಣ್ಣಿಟ್ಟೆ.
ನನ್ನ ಹತ್ತಿರ ಪಕ್ಕದ ಮನೆಯ ಹುಡುಗಿ ಕೇಳಿದಳು,
ಅವಳದು ಅಂಗಿಗುಂಡಿಯ ಕಣ್ಣು, ನಾಲ್ಕು ತೂತು.
ನಮ್ಮ ಬೆಟ್ಟದಲ್ಲಿ ಹುಂಜಗಳು ಬೇಕಾದಷ್ಟಿವೆ.
ಒಂದರ ಕಣ್ಣಲ್ಲಿ ಇನ್ನೊಂದು ನೋಡುವುದಿಲ್ಲ.
ಇವರು ಕೇಳಲೂ ಇಲ್ಲ,
ಕಣ್ಣನ್ನೂ ಬಿಡಲಿಲ್ಲ."

ಇದನ್ನು ಒಂದಕ್ಷರ ಬಿಡದೆ ಹೇಳಿದೆ.

ಅರ್ಜಿಯ ಹನ್ನೊಂದನೇ ಕಾಲಂ: ಕೃತಿಯ ಕರ್ತೃ.
ಗೀಟಿನ ಉದ್ದ ಒಂದು ಹೆಸರಿಗೆ ಸಾಕಾಗುವಷ್ಟು.
ಅಧಿಕಾರಿ ಪೆನ್ನು ತಿರುವುತ್ತ ಕೂತರು.
"ಅತ್ತೆಯದನ್ನು ಅಂಚಿನಲ್ಲಿ ಬರೆಯಲೇ?"
"ಅಂಚು ಮೊಹರಿಗೆ."
ಚಿಕ್ಕಮ್ಮ ಅರ್ಜಿಯನ್ನು ಖಾಲಿಯೇ ಮಡಚಿ
ಹುಂಜದ ಹೊಟ್ಟೆಯೊಳಗಿಟ್ಟು ಸುತ್ತಿದಳು.
"ಗೀಟು ಉದ್ದ ಮಾಡಿಸಿಕೊಂಡು ಬರುತ್ತೇವೆ,
ಅವರಿಗೆ ಹೇಳು."
ಹೇಳಿದೆ. ಅವರು ನಗಲಿಲ್ಲ. ತಾರೀಖು ಬರೆದುಕೊಂಡರು.

ಬಸ್ಸು ಮಂಜಿನೊಳಗೆ ತಿರುವು ಮುರುವು ಹತ್ತುವಾಗ
ಅವಳು ಹೊಸ ಬಟ್ಟೆ ತೆಗೆದಳು, ಸೂಜಿಗೆ ದಾರ ಪೋಣಿಸಿದಳು.
ಮೀನೊಂದು ಅರ್ಧ ಮೈ ತಳೆದಿತ್ತು.
ಮುಂದಿನ ಸೀಟಿನಲ್ಲಿದ್ದ ಪೇಟೆಯ ಹುಡುಗ
ಚಂದ ಕಂಡು, ತಿರುಗಿ ಕೂತು, ಫೋನು ಎತ್ತಿದ.
ಅವಳು ಸಿಟ್ಟಾಗಲಿಲ್ಲ.
ಬರೀ ಅಂಗೈ ಅಗಲಿಸಿ ಮೀನಿನ ಕಣ್ಣು ಮುಚ್ಚಿ
"ಕೇಳು," ಅಂದಳು,
ಅವನಿಗೆ ಬಾರದ ಭಾಷೆಯಲ್ಲಿ.

ಹುಡುಗ ನನ್ನ ಮುಖ ನೋಡಿದ.
ನಾನು ತರ್ಜುಮೆ ಮಾಡಲಿಲ್ಲ.